ಕಲ್ಯಾಣದ ಸಾಬಕ್ಕಿ

ಡೊಂಬಿವಲಿ ಪೂರ್ವ
10 ನವೆಂಬರ್ 2024

ಸೆವ್ರಿನ್,

ಸಂನ್ಯಾಸಿನಿಯಾದ ನಿನ್ನನ್ನು ‘ಸಿಸ್ಟರ್’ ಎಂದೇ ಸಂಬೋಧಿಸಬೇಕೆಂದು ಸೊಸೆ ಸುಮೇಧಾ ಹೇಳುತ್ತಾಳೆ. ಕಳವಾ ಸ್ಟೇಷನ್ನಿನಿಂದ ಲೋಕಲ್ ರೈಲು ಹಿಡಿದು, ಎರಡು ಜಡೆಗಳಲ್ಲಿ ಒಂದನ್ನು ಗಾಳಿಗೆ ಬಿಚ್ಚಿಕೊಂಡು, ನಮ್ಮ ಕನ್ನಡ ಶಾಲೆಯ ಮೆಟ್ಟಿಲು ಹತ್ತಿ ಓಡಿಬರುತ್ತಿದ್ದ ಹುಡುಗಿಯನ್ನು ಹಾಗೆ ಕರೆಯಲು ನನಗೆ ನಾಲಿಗೆ ಹೊರಳುವುದಿಲ್ಲ. ನಿನ್ನ ದೇವರು ಕ್ಷಮಿಸಿಯಾನು, ನೀನೂ ಕ್ಷಮಿಸು.

ನಿನ್ನ ಪತ್ರದ ಚಿತ್ರ ಸುಮೇಧಾಳ ಮೊಬೈಲಿಗೆ ಬಂದಿತು. ಕಾಗದದ ಮೇಲೆ ಕೈಯಾರೆ ಬರೆದು, ದಿನಾಂಕ ಹಾಕಿ, ಸಹಿ ಮಾಡಿ, ಆಮೇಲೆ ಬೇಕಾದರೆ ಅದರ ಫೋಟೊ ತೆಗೆದು ಕಳುಹಿಸಬಹುದೆಂಬ ನನ್ನ ನಿಯಮವನ್ನು ನೀನು ಪಾಲಿಸಿದ್ದೀಯೆ. ಸಂತೋಷ. ಆದರೆ ‘ನಾನು ಕ್ಷೇಮ, ಇಲ್ಲಿ ಚಳಿ ಶುರುವಾಗಿದೆ, ಪ್ರಾರ್ಥಿಸಿರಿ’ ಎಂಬ ಮೂರು ವಾಕ್ಯಗಳಿಗೆ ಪತ್ರವೆಂಬ ಹೆಸರು ಸಲ್ಲುವುದಿಲ್ಲ. ನೀನು ಇರಾಕಿನ ನಿನೆವೆ ಬಯಲಿನಲ್ಲಿರುವೆ. ಜೀವ ಉಳಿಸಿಕೊಳ್ಳಲು ಊರು ಬಿಟ್ಟೋಡಿ ಈಗ ಮರಳಿ ಬಂದಿರುವ ಕ್ರೈಸ್ತ ಕುಟುಂಬಗಳಿಗಾಗಿ ನಿಮ್ಮ ಕೆಥೋಲಿಕ ಸೇವಾಸಂಸ್ಥೆ ಅಲ್ಲಿ ಅಡುಗೆಮನೆಯೊಂದನ್ನು ನಡೆಸುತ್ತಿದೆ. ನನಗೆ ತಿಳಿದಿರುವುದು ಇಷ್ಟೇ. ಅದೂ ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ನಿನ್ನ ತಾಯಿ ಅಪೊಲಿನ್ ಸಿಕ್ಕಿ ಹೇಳಿದ್ದರಿಂದ.

ಅಲ್ಲಿ ಊಟಕ್ಕೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ವಿವರವಾಗಿ ಬರೆ. ಬಾರದವರ ಬಗ್ಗೆ ಮೊದಲು ಬರೆ. ಹಾಜರಿ ಕರೆಯುವಾಗ ನಾನು ನೋಡುತ್ತಿದ್ದುದು ಖಾಲಿ ಜಾಗಗಳನ್ನೇ.

ನಾನು ಸೌಖ್ಯ. ನಮ್ಮ ಸೊಸೈಟಿಯ ಮಹಿಳಾ ಮಂಡಳದವರು ದೀಪ ಬೆಳಗಲು ಮಾತ್ರ ನನ್ನನ್ನು ಕರೆಯುತ್ತಾರೆ. ಬೆಂಕಿಕಡ್ಡಿ ಗೀರಲು ಇಷ್ಟು ವರ್ಷದ ಅನುಭವವೇಕೆ ಬೇಕೋ ತಿಳಿಯದು.

ನಿನ್ನ ಅಕ್ಷರ ಇನ್ನೂ ಬಲಕ್ಕೆ ವಾಲುತ್ತಿದೆಯೆಂದು ಗಮನಿಸಿರುವ,
ಮುಕ್ತಾ ಟೀಚರ್

*

ನಿನೆವೆ ಬಯಲು
1 ಡಿಸೆಂಬರ್ 2024

ಪೂಜ್ಯ ಟೀಚರ್,

ಬಾರದವರು ಒಬ್ಬರೇ. ಅವರ ಹೆಸರು ಶಮೂನಿ. ಈ ಊರಿನ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು, ಮದುವೆಯಾಗಲಿಲ್ಲ. ಹತ್ತು ವರ್ಷಗಳ ಹಿಂದೆ ಬಂದೂಕು ಹಿಡಿದವರು ಈ ಬಯಲಿಗೆ ನುಗ್ಗಿದಾಗ ಊರಿಗೆ ಊರೇ ಬರಿಗೈಯಲ್ಲಿ ಹೊರಟಿತಂತೆ. ಮರಳಿ ಬಂದಾಗ ಗೋಡೆಗಳೆಲ್ಲ ಮಸಿ ಹಿಡಿದಿದ್ದವು, ಇಗರ್ಜಿಯ ಗಂಟೆ ಇರಲಿಲ್ಲ. ಅನೇಕರು ಬರಲೇ ಇಲ್ಲ. ಶಮೂನಿ ಟೀಚರ್ ಬಂದರು. ಅವರ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಈಗ ಸ್ವೀಡನ್, ಆಸ್ಟ್ರೇಲಿಯಾಗಳಲ್ಲಿದ್ದಾರೆ. “ನಾನು ನಕ್ಷೆಯಲ್ಲಿ ತೋರಿಸಿದ ದೇಶಗಳಿಗೇ ಹೋಗಿದ್ದಾರೆ, ಯಾರೂ ದಾರಿ ತಪ್ಪಲಿಲ್ಲ” ಎನ್ನುತ್ತಾರೆ.

ನಮ್ಮ ಸಂಸ್ಥೆ ಇಲ್ಲಿ ಸುಟ್ಟ ಮನೆಗಳಿಗೆ ಮಾಡು ಹಾಕಿಸುತ್ತದೆ. ನಾನು ಮೊದಲಿದ್ದ ಸಿರಿಯಾದಲ್ಲಿ ಮಕ್ಕಳಿಗೆ ಹಾಲು ಕೊಡುತ್ತದೆ; ಆಫ್ರಿಕಾದಲ್ಲಿ ಹಳ್ಳಿ ಕಳೆದುಕೊಂಡ ವಿಧವೆಯರಿಗೆ ಹೊಲಿಗೆ ಯಂತ್ರ ಕೊಡಿಸುತ್ತದೆ. ನನಗೆ ವಹಿಸಿರುವುದು ಇಗರ್ಜಿಯ ಹಿಂದಿನ ಅಡುಗೆಮನೆ. ಅಡುಗೆಯವರು ಹನ್ನಾ, ಇಲ್ಲಿ ಅದು ಗಂಡಸರ ಹೆಸರು, ಮೀಸೆಯೂ ಇದೆ. ಮಧ್ಯಾಹ್ನ ಊರಿನ ವೃದ್ಧರೆಲ್ಲ ಉದ್ದ ಮೇಜಿನ ಸುತ್ತ ಕೂತು ಜಗಳವಾಡುತ್ತ, ನಗುತ್ತ ಉಣ್ಣುತ್ತಾರೆ. ಶಮೂನಿ ಟೀಚರ್ ಬರುವುದಿಲ್ಲ. ಡಬ್ಬಿಯಲ್ಲಿ ಹಾಕಿ ಕಳುಹಿಸಿದರೆ “ಹಸಿದವರಿಗೆ ಕೊಡಿ” ಎಂದು ಮುಚ್ಚಳ ತೆರೆಯದೆ ಹಿಂದಿರುಗಿಸುತ್ತಾರೆ. “ನಾನು ಈ ಊರಿಗೆ ಕೊಟ್ಟವಳು. ಸಾಲಿನಲ್ಲಿ ನಿಂತು ತೆಗೆದುಕೊಳ್ಳುವವಳಲ್ಲ” ಎನ್ನುತ್ತಾರೆ.

ಬರೀ ರೊಟ್ಟಿ, ಚಹಾದಲ್ಲಿ ದಿನ ಕಳೆಯುತ್ತಿದ್ದಾರೆ. ಕಳೆದ ತಿಂಗಳು ಓಣಿಯಲ್ಲಿ ತಲೆ ಸುತ್ತಿ ಬಿದ್ದರು. ಮಾರ್ಚಿನಲ್ಲಿ ಮಹಾ ಉಪವಾಸ ಆರಂಭವಾಗುತ್ತದೆ, ಈಸ್ಟರ್ ಹಬ್ಬದವರೆಗೂ ಇರುತ್ತದೆ. ಅವರು ಹಳೆಯ ಕಟ್ಟುನಿಟ್ಟಿನವರು. ಈ ದೇಹಸ್ಥಿತಿಗೆ ಉಪವಾಸವೂ ಸೇರಿದರೆ ಹಬ್ಬವನ್ನು ಕಾಣುವುದು ಕಷ್ಟವೆಂದು ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ. ಅವರನ್ನು ಆ ಮೇಜಿಗೆ ಹೇಗೆ ಕರೆತರಲಿ, ಟೀಚರ್?

ಅವರನ್ನು ಕಂಡಾಗಲೆಲ್ಲ ನಿಮ್ಮ ನೆನಪಾಗುತ್ತದೆ. ಡಿಸೆಂಬರ್ ಬೇರೆ ಬಂತು. ಅಮ್ಮ ಪ್ರತಿ ಕ್ರಿಸ್ಮಸ್ಸಿಗೂ ನನ್ನ ಕೈಯಲ್ಲಿ ನಿಮಗೆ ಕುಸ್ವಾರ್ ತಿಂಡಿಗಳ ತಟ್ಟೆ ಕಳುಹಿಸುತ್ತಿದ್ದರು. ನೀವು ತಟ್ಟೆಯನ್ನು ಬರಿದಾಗಿ ಹಿಂದಿರುಗಿಸದೆ ಬಾಳೆಹಣ್ಣು ಇಟ್ಟು ಕೊಡುತ್ತಿದ್ದಿರಿ. ಕರ್ಜಿಕಾಯಿಯಂಥ ಆ ನೆವ್ರಿಗಳು ಹೇಗಿದ್ದವೆಂದು ಅಮ್ಮ ಎಂದೂ ಕೇಳಲಿಲ್ಲ.

ಜನವರಿಯಲ್ಲಿ ನಿಮ್ಮ ಪಕ್ಕದೂರು ಕಲ್ಯಾಣದ ಇಗರ್ಜಿಯಿಂದ ನಮಗೆ ಸಾಮಾನು ಹೊರಡುತ್ತದೆ. ಯಾರಾದರೂ ಬಟ್ಟೆ, ಸಾಬೂನು, ಕೆಡದ ದಿನಸಿ ಕೊಡುವುದಾದರೆ ಅಲ್ಲಿಗೆ ಮುಟ್ಟಿಸಬಹುದು.

ನೆಟ್ಟಗೆ ಬರೆಯಲು ಯತ್ನಿಸುತ್ತಿರುವ,
ಸೆವ್ರಿನ್

*

ಡೊಂಬಿವಲಿ ಪೂರ್ವ
5 ಜನವರಿ 2025

ಸೆವ್ರಿನ್,

ಶಮೂನಿ ಟೀಚರ್ ಮಾಡಿದ್ದು ಸರಿಯಾಗಿಯೇ ಇದೆ. ನಾನಾಗಿದ್ದರೂ ಡಬ್ಬಿಯನ್ನು ಹಿಂದಿರುಗಿಸುತ್ತಿದ್ದೆ. ಶಿಕ್ಷಕಿಯ ಬಳಿಗೆ ಕೊಡಲು ಹೋಗಬಾರದು, ಕೇಳಲು ಹೋಗಬೇಕು. ನಿನಗೆ ತಿಳಿಯದ ಯಾವುದಾದರೊಂದನ್ನು ಕೈಯಲ್ಲಿ ಹಿಡಿದು ಆಕೆಯ ಬಾಗಿಲು ತಟ್ಟು. ತಿಳಿಯದವಳಂತೆ ನಟಿಸಬೇಡ, ನಟನೆ ನಮಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ನಿಜವಾಗಿಯೂ ತಿಳಿಯದಿರುವುದನ್ನೇ ಹುಡುಕಿಕೊಂಡು ಹೋಗು.

ಇನ್ನು ಉಪವಾಸದ ವಿಷಯ. ಅದನ್ನು ನೀನು ನನಗೆ ಕಲಿಸಬೇಕಾಗಿಲ್ಲ. ಏಕಾದಶಿಯಂದು ನೀರನ್ನೂ ಮುಟ್ಟದ ಮನೆತನದಲ್ಲಿ ಹುಟ್ಟಿದವಳು ನಾನು. ಉಪವಾಸದ ದಿನ ಅಕ್ಕಿ, ಗೋಧಿ, ಬೇಳೆ ಒಂದೂ ಸಲ್ಲದು, ನೀರುಳ್ಳಿಯ ಹೆಸರೆತ್ತುವಂತಿಲ್ಲ. ಹಾಗಿರುವಾಗ ನಿಮ್ಮ ಹನ್ನಾ ಆ ವೃದ್ಧರಿಗೆ ಏನು ಬಡಿಸಿಯಾನು? ಬಹಳ ಆಲೋಚಿಸಿದೆ. ಈ ಕಡೆಯ ಮರಾಠಿ ಮನೆಗಳಲ್ಲಿ ಉಪವಾಸಕ್ಕೆ ಸಲ್ಲುವುದು ಸಾಬಕ್ಕಿ. ಆದ್ದರಿಂದ ಸಾಬಕ್ಕಿಯನ್ನೇ ಕಳುಹಿಸಲು ನಿರ್ಧರಿಸಿದೆ.

ನನ್ನ ತಮ್ಮ ಯಜ್ಞೇಶ್ವರ ವಾಶಿಯಲ್ಲಿ ಹೋಟೆಲು ನಡೆಸುವುದು ನಿನಗೆ ನೆನಪಿರಬಹುದು. ಸಗಟು ಮಾರುಕಟ್ಟೆ ಅವನ ಹಿತ್ತಲಿದ್ದಂತೆ. ಫೋನ್ ಮಾಡಿದೆ.

“ಇರಾಕಿಗೆ ಸಾಬಕ್ಕಿಯಾ? ಅಕ್ಕಾ, ಅಲ್ಲಿ ಖರ್ಜೂರ ರಾಶಿ ಬಿದ್ದಿರ್ತದೆ ಮಾರಾಯ್ತಿ.”

“ಖರ್ಜೂರ ತಿಂದು ಎಷ್ಟು ದಿನ ಇರುತ್ತಾರೋ? ನಿನ್ನ ಹೋಟೆಲಿನಲ್ಲಿ ಏಕಾದಶಿಗೆ ಖರ್ಜೂರ ಬಡಿಸುತ್ತೀಯೇನು?”

“ಆಯ್ತಪ್ಪ, ಟೀಚರಮ್ಮ ಹೇಳಿದ ಮೇಲೆ ಮುಗೀತು. ಎಷ್ಟು ಗೋಣಿ ಬೇಕು ಹೇಳು.”

ಒಬ್ಬನಿಂದಲೇ ತೆಗೆದುಕೊಳ್ಳುವುದು ನ್ಯಾಯವಲ್ಲವೆಂದು, ಸುಮೇಧಾಳನ್ನು ಕರೆದುಕೊಂಡು ಸೊಸೈಟಿಯ ಪ್ರತಿಯೊಂದು ಬಾಗಿಲನ್ನೂ ತಟ್ಟಿದೆ. ದೀಪ ಬೆಳಗಲು ಮಾತ್ರ ಬರುವ ಮುದುಕಿ ಚೀಲ ಹಿಡಿದು ನಿಂತದ್ದನ್ನು ಕಂಡು ಮೊದಲು ಎಲ್ಲರಿಗೂ ದಿಗಿಲು. ಎದುರುಮನೆಯಾಕೆ, “ಕಾಕೂ, ಉಪವಾಸ ಕೋಣಾಚಾ?” ಎಂದಳು. ಉಪವಾಸ ಯಾರದೆಂದು ಹೇಳಿದೆ, ಅವರೇಕೆ ಊರು ಬಿಟ್ಟಿದ್ದರೆಂಬುದನ್ನೂ ಹೇಳಿದೆ. ಅವಳು ಒಳಗೆ ಹೋಗಿ, ಮನೆಯಲ್ಲಿದ್ದ ಡಬ್ಬವನ್ನೇ ತಂದು ನನ್ನ ಚೀಲಕ್ಕೆ ಸುರಿದಳು. ಮೊಮ್ಮಗಳು ಅಮೂಲ್ಯಾ ಮಾತ್ರ ಕೇಳಿದ್ದು ಬೇರೆ: “ಅಜ್ಜಿ, ಉನ್ ಲೋಗೋಂಕೋ ಖಿಚಡಿ ಬನಾನಾ ಆತಾ ಹೈ ಕ್ಯಾ?” ಅವರಿಗೆ ಖಿಚಡಿ ಮಾಡಲು ಬರುತ್ತದೆಯೇ ಎಂದು. ಕನ್ನಡದಲ್ಲಿ ಕೇಳಿದರೆ ಉತ್ತರಿಸುವೆನೆಂದೆ. ಅವಳು ಕೇಳಲಿಲ್ಲ, ನಾನು ಉತ್ತರಿಸಲಿಲ್ಲ.

ಗೋಣಿಗಳು ಕಲ್ಯಾಣಕ್ಕೆ ಮುಟ್ಟಿವೆ. ಇಗರ್ಜಿಯ ಯುವಕರು ಅವುಗಳ ಮೇಲೆ ನೀಲಿ ಬಣ್ಣದಲ್ಲಿ ದೊಡ್ಡದಾಗಿ ‘ಕಲ್ಯಾಣ್’ ಎಂದು ಇಂಗ್ಲಿಷಿನಲ್ಲಿ ಬರೆದರು. ನ್ಹಾವಾ ಶೇವಾ ಬಂದರಿನಿಂದ ಹಡಗು ಹತ್ತುತ್ತವೆ. ಮಾಡುವ ಬಗೆಯನ್ನು ನಾನು ಬರೆದಿಟ್ಟಿಲ್ಲ. ಸಾಬಕ್ಕಿ ನೆನೆಸುವುದು ಯಾರಿಗೆ ತಿಳಿಯದು?

ಗೋಣಿ ಹೊರಿಸಿ ಬಂದು ಬೆನ್ನು ನೋವಾದರೂ ಹರ್ಷದಲ್ಲಿರುವ,
ಮುಕ್ತಾ ಟೀಚರ್

*

ನಿನೆವೆ ಬಯಲು
26 ಜನವರಿ 2025

ಪೂಜ್ಯ ಟೀಚರ್,

ನಿಮ್ಮ ಪತ್ರವನ್ನು ಹನ್ನಾ ಅವರಿಗೆ ಅನುವಾದಿಸಿ ಹೇಳಿದೆ. ಅಷ್ಟು ದೂರದ ಅಪರಿಚಿತ ಮನೆಗಳವರು ಡಬ್ಬ ಸುರಿದರೆಂದು ಕೇಳಿ, ಅವರು ಸೌಟು ಕೆಳಗಿಟ್ಟು, ಗೋಣಿಗಳನ್ನು ಇಡಲು ಅಡುಗೆಮನೆಯ ಒಂದು ಮೂಲೆಯನ್ನು ಗುಡಿಸತೊಡಗಿದರು.

ಉಪವಾಸದ ಕುರಿತು ಒಂದು ಸಣ್ಣ ವಿಷಯವಿದೆ. ಅದನ್ನು ರಜೆಗೆ ಬಂದಾಗ ಮುಖತಃ ಹೇಳುತ್ತೇನೆ. ಅವಸರವಿಲ್ಲ.

ಶಮೂನಿ ಟೀಚರ್ ಇನ್ನೂ ಬಂದಿಲ್ಲ. ನಿಮ್ಮ ಮಾತಿನಂತೆ, ನನಗೆ ನಿಜವಾಗಿಯೂ ತಿಳಿಯದಿರುವುದನ್ನು ಹುಡುಕುತ್ತಿದ್ದೇನೆ. ಅಂಥದ್ದು ಬೇಕಾದಷ್ಟಿದೆ, ಅವರಿಗೆ ತಿಳಿದಿರುವಂಥದ್ದನ್ನು ಆರಿಸಬೇಕಷ್ಟೆ.

ನಿಮ್ಮ,
ಸೆವ್ರಿನ್

*

ಡೊಂಬಿವಲಿ ಪೂರ್ವ
16 ಫೆಬ್ರವರಿ 2025

ಸೆವ್ರಿನ್,

‘ಅವಸರವಿಲ್ಲ’ ಎಂದು ವಿದ್ಯಾರ್ಥಿ ಹೇಳಿದರೆ ಅವಸರವಿದೆಯೆಂದೇ ಅರ್ಥ. ನಾನು ಕಲ್ಯಾಣಕ್ಕೆ ಹೋಗಿ ಅಲ್ಲಿಯ ಫಾದರನ್ನೇ ಕೇಳಿದೆ. ಅವರು ಬೆಳ್ಮಣ್ಣು ಕಡೆಯವರು, ನಗುವವರು.

“ಟೀಚರ್, ಅವರು ಬಿಡುದು ಮಾಂಸ, ಹಾಲು, ಮೊಟ್ಟೆ. ಅನ್ನ, ಗೋಧಿ, ಬೇಳೆ, ನೀರುಳ್ಳಿ ಎಲ್ಲ ತಿಂತಾರೆ. ನಿಮ್ಮ ಮನೆಯ ಊಟದಿಂದ ಮಜ್ಜಿಗೆ ತೆಗೆದ್ರೆ ಆಯ್ತು, ಅದೇ ಅವರ ಉಪವಾಸ.”

ಹಾಗಾದರೆ ಮಜ್ಜಿಗೆ, ತುಪ್ಪ ಬಿಟ್ಟರೆ ನಾನು ಅವರ ಉಪವಾಸವನ್ನು ಪ್ರತಿದಿನವೂ, ಹೊಟ್ಟೆ ತುಂಬ ಮಾಡುತ್ತ ಬಂದಿದ್ದೇನೆ. ಒಂದು ದೇಶದ ಅನ್ನವನ್ನು ನಾನೇ ನಿಷೇಧಿಸಿ, ಅದಕ್ಕೆ ಬದಲು ಗೋಣಿಗಟ್ಟಲೆ ಸಾಬಕ್ಕಿಯನ್ನು ಸಮುದ್ರ ದಾಟಿಸಿದ್ದೇನೆ. ನೀನು ನನಗೆ ಹೇಳದೆ ಬಿಟ್ಟದ್ದು ಗೌರವದಿಂದಲೆಂದು ತಿಳಿಯುತ್ತದೆ. ಮುಂದೆ ಇಂಥ ಗೌರವ ಬೇಡ.

ಮಹಿಳಾ ಮಂಡಳದ ಸಭೆಯಲ್ಲಿ ಎದ್ದುನಿಂತು ವಿಷಯ ತಿಳಿಸಿದೆ. ಎದುರುಮನೆಯಾಕೆಗೆ ನಗು ತಡೆಯಲಾಗಲಿಲ್ಲ. ಅವಳಿಂದ ಎಲ್ಲರಿಗೂ ಹರಡಿತು. “ಕಾಕೂ, ಚುಕಲಂ ತರ್ ಚುಕಲಂ, ಪುಢಚ್ಯಾ ವರ್ಷೀ ಗಹೂ ಪಾಠವೂ” ಎಂದರು. ತಪ್ಪಿದರೆ ತಪ್ಪಿತು, ಮುಂದಿನ ವರ್ಷ ಗೋಧಿ ಕಳುಹಿಸೋಣ ಎಂದು. ಮುಂದಿನ ವರ್ಷವೂ ನಾನೇ ಬಾಗಿಲು ತಟ್ಟಬೇಕಂತೆ. ಅಪಹಾಸ್ಯಕ್ಕೆ ಗುರಿಯಾಗಿ ಇಷ್ಟು ಹಗುರವಾಗಿ ಮನೆಗೆ ನಡೆದದ್ದು ಇದೇ ಮೊದಲು.

ಆದರೆ ಶಮೂನಿ ಟೀಚರ್ ಇನ್ನೂ ರೊಟ್ಟಿ, ಚಹಾದಲ್ಲೇ ಇದ್ದಾರೆ, ಮಾರ್ಚ್ ಬರುತ್ತಿದೆ. ಅದು ನೆನಪಾದಾಗ ನನ್ನ ನಗು ನಿಂತಿತು.

ಕೂಡಲೇ ಬರೆ.
ಮುಕ್ತಾ ಟೀಚರ್

*

ನಿನೆವೆ ಬಯಲು
9 ಮಾರ್ಚ್ 2025

ಪೂಜ್ಯ ಟೀಚರ್,

ಕುಳಿತುಕೊಂಡು ಓದಿರಿ.

ಮಹಾ ಉಪವಾಸ ಆರಂಭವಾದ ವಾರವೇ ನಿಮ್ಮ ಗೋಣಿಗಳು ಬಂದವು. ಹನ್ನಾ ಒಂದನ್ನು ಬಿಚ್ಚಿ, ಮುತ್ತು ಬಂದಿದೆಯೆಂದು ಬೊಗಸೆಯಲ್ಲಿ ಎತ್ತಿ ಎಲ್ಲರಿಗೂ ತೋರಿಸಿದರು. ಮಾಡುವ ಬಗೆ ನನಗೆ ತಿಳಿಯದು, ಟೀಚರ್. ಕಳವಾದಲ್ಲಿ ಅದನ್ನು ಪಕ್ಕದ ಮನೆಯವರು ಕೊಟ್ಟರೆ ತಿಂದಿದ್ದೆನೇ ಹೊರತು, ನಮ್ಮ ಮನೆಯಲ್ಲಿ ಮೀನಿನ ಸಾರು ಬಿಟ್ಟರೆ ಬೇರೆ ವಿದ್ಯೆ ಇರಲಿಲ್ಲ. ಹನ್ನಾ ಅದನ್ನು ನೆನೆಸದೆ ಕುದಿಯುವ ನೀರಿಗೆ ಸುರಿದರು. ಸೌಟು ನಿಂತಲ್ಲೇ ನಿಂತಿತು. ಅಜ್ಜಂದಿರು ಒಬ್ಬೊಬ್ಬರಾಗಿ ಬಂದು ಅದನ್ನು ಎಳೆದು ನೋಡಿದರು. ಅಷ್ಟು ನಗು ಆ ಕೋಣೆಯಲ್ಲಿ ನಾನು ಕೇಳಿರಲಿಲ್ಲ.

ಆಗ ನಿಮ್ಮ ಮಾತು ನೆನಪಾಯಿತು. ನಿಜವಾಗಿಯೂ ತಿಳಿಯದ ವಸ್ತು ನನ್ನ ಕೈಯಲ್ಲೇ ಇತ್ತು. ಒಂದು ಬಟ್ಟಲಲ್ಲಿ ಹಸಿ ಸಾಬಕ್ಕಿ, ಇನ್ನೊಂದರಲ್ಲಿ ಆ ಮುದ್ದೆ ಹಿಡಿದು ಶಮೂನಿ ಟೀಚರ ಬಾಗಿಲು ತಟ್ಟಿದೆ.

“ಇದು ಯಾವ ಗಿಡದ್ದೆಂದೂ ತಿಳಿಯದು, ಹೇಗೆ ಮಾಡಬೇಕೆಂದೂ ತಿಳಿಯದು” ಎಂದೆ.

ಅವರು ಮುದ್ದೆಯನ್ನು ಬೆರಳಿನಿಂದ ಒತ್ತಿದರು. “ಇದರಿಂದ ಗೋಡೆಗೆ ನಕ್ಷೆ ಅಂಟಿಸಬಹುದು. ಎಲ್ಲಿಯದು?”

“ನಮ್ಮ ಕಡೆಯದು. ಗೋಣಿ ಅಡುಗೆಮನೆಯಲ್ಲಿದೆ.”

“ಬೆಳೆ ಎಲ್ಲಿಯದೆಂದು ನೋಡದೆ ಬೇಯಿಸಿದವನು ಯಾರು? ಹನ್ನಾನೇ? ನಾಲ್ಕನೆಯ ತರಗತಿಯಲ್ಲೂ ಅವನು ಹೀಗೆಯೇ” ಎಂದು ಊರುಗೋಲು ತೆಗೆದುಕೊಂಡರು.

ಅಡುಗೆಮನೆಗೆ ಬಂದವರು ಗೋಣಿಯ ಮೇಲಿನ ನೀಲಿ ಅಕ್ಷರಗಳ ಎದುರು ನಿಂತುಬಿಟ್ಟರು. ಬೆರಳಿನಿಂದ ಒಂದೊಂದೇ ಅಕ್ಷರ ಓದಿ, “ಕಲ್ಯಾಣ್? ಬೊಂಬಾಯಿಯ ಹತ್ತಿರದ, ಕಡಲ ಹಿನ್ನೀರಿನ ದಂಡೆಯ ಕಲ್ಯಾಣ್?” ಎಂದು ಕೇಳಿದರು. ಹೌದೆಂದೆ. ಅವರು ಕುರ್ಚಿ ಎಳೆದು ಕೂತರು. ಆರನೆಯ ಶತಮಾನದ ಪ್ರವಾಸಿಯೊಬ್ಬ ಭಾರತದ ಆ ಹೆಸರಿನ ಬಂದರಿನಲ್ಲಿ ಕ್ರೈಸ್ತರಿದ್ದರೆಂದೂ, ಅವರ ಬಿಷಪರು ಪರ್ಷಿಯಾದಲ್ಲಿ ದೀಕ್ಷೆ ಪಡೆದು ಹೋಗುತ್ತಿದ್ದರೆಂದೂ ಬರೆದಿಟ್ಟಿದ್ದಾನಂತೆ. ಅದು ನಮ್ಮ ಕಲ್ಯಾಣವೇ ಎಂದು ಹಲವರ ನಂಬಿಕೆಯಂತೆ. “ಆ ಬಿಷಪರನ್ನು ಕಳುಹಿಸಿದ್ದು ನಮ್ಮ ಧರ್ಮಸಭೆಯೇ. ಅಷ್ಟು ದೂರ ಹೋದವರು ಗಾಳಿ ಕುಡಿದು ಬದುಕಿದರೇ? ಆ ಊರಿನವರು ಉಣ್ಣಲು ಇಟ್ಟಿರುತ್ತಾರೆ” ಎಂದರು. ಆಮೇಲೆ ಹನ್ನಾನ ಕಡೆ ತಿರುಗಿ, “ಇದು ದಾನವಲ್ಲ, ಹಳೆಯ ನೆಂಟರ ಮನೆಯದು. ಇದನ್ನು ಹಾಳು ಮಾಡಲು ನಿನಗೆ ನಾಚಿಕೆಯಾಗಲಿಲ್ಲವೇ?”

ಗೋಧಿನುಚ್ಚು ನೆನೆಸುವಂತೆ ನೆನೆಸಿದರು. ನೀರುಳ್ಳಿ ಹುರಿಸಿದರು, ಇದನ್ನು ನಿಮಗೆ ಬರೆಯದಿರಲಾರೆ. ಆಲಿವ್ ಎಣ್ಣೆ, ದಾಳಿಂಬೆಯ ರಸ, ಸೊಪ್ಪು. ರುಚಿ ನೋಡದೆ ಬಡಿಸಬಾರದೆಂದು ಒಂದು ಚಮಚ ಬಾಯಿಗಿಟ್ಟರು. ಉಪ್ಪು ಹಾಕಿಸಿ ಇನ್ನೊಂದು. ಆಮೇಲೆ ಸರಿಯಾಗಿ ತಿಳಿಯಲು ಒಂದು ತಟ್ಟೆ. ನಾವು ಯಾರೂ ಅವರ ಕಡೆ ನೋಡಲಿಲ್ಲ. ಹನ್ನಾ ಪಾತ್ರೆ ತೊಳೆಯುತ್ತ ಮೀಸೆ ಒರೆಸಿಕೊಳ್ಳುತ್ತಿದ್ದರು.

ಈಗ ಪ್ರತಿದಿನ ಬರುತ್ತಾರೆ, ಮೇಜಿನ ತುದಿಯ ಮುಖ್ಯ ಕುರ್ಚಿಯಲ್ಲಿ ಕೂರುತ್ತಾರೆ. ಎಲ್ಲರ ಊಟವನ್ನೂ ತಿದ್ದುತ್ತಾರೆ. ಅಜ್ಜಂದಿರು ಕೈ ತೊಳೆದು ಬರುವುದನ್ನು ಕಲಿತಿದ್ದಾರೆ.

ಕುಣಿಯುತ್ತಿರುವ ಅಕ್ಷರಗಳಿಗೆ ಕ್ಷಮೆ ಕೋರುವ,
ಸೆವ್ರಿನ್

*

ನಿನೆವೆ ಬಯಲು
24 ಏಪ್ರಿಲ್ 2025

ಡೊಂಬಿವಲಿಯ ಶಿಕ್ಷಕಿ ಮುಕ್ತಾ ಅವರಿಗೆ, ಶಮೂನಿಯ ವಂದನೆಗಳು.

ನಾನು ಅರಬಿಯಲ್ಲಿ ಹೇಳಿದ್ದನ್ನು ಸೆವ್ರಿನ್ ನಿಮ್ಮ ಭಾಷೆಯಲ್ಲಿ ಬರೆಯುತ್ತಿದ್ದಾಳೆ. ನನ್ನ ಮಾತನ್ನು ಮೆತ್ತಗೆ ಮಾಡಿ ಬರೆಯಕೂಡದೆಂದು ಎಚ್ಚರಿಸಿದ್ದೇನೆ.

ಮೊದಲನೆಯದಾಗಿ, ನಮ್ಮ ಉಪವಾಸದ ವಿಷಯದಲ್ಲಿ ನೀವು ಅನುತ್ತೀರ್ಣರಾಗಿದ್ದೀರಿ. ಎರಡನೆಯದಾಗಿ, ಮಾಡುವ ಬಗೆ ಬರೆಯದೆ ವಸ್ತುವನ್ನು ಕಳುಹಿಸುವುದು ಶಿಕ್ಷಕಿಗೆ ಒಪ್ಪುವ ಕೆಲಸವಲ್ಲ. ಇವುಗಳನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೆಮ್ಮದಿಯಾಗಿ ಹೇಳಬಹುದು.

ಈಸ್ಟರ್ ಬೆಳಿಗ್ಗೆ ನಾನು ಇಗರ್ಜಿಗೆ ನಡೆದೇ ಹೋದೆ. ನಮ್ಮ ಹೊಸ ಗಂಟೆ ಹಳೆಯದಕ್ಕಿಂತ ಒಂದು ಸ್ವರ ಕೆಳಗಿದೆ, ಅಭ್ಯಾಸವಾಗುತ್ತದೆ. ವೈದ್ಯನೂ ನನ್ನ ಶಿಷ್ಯನೇ. ನನ್ನ ನಾಡಿ ಹಿಡಿದು ತನ್ನ ಲೆಕ್ಕ ತಪ್ಪಿತೆಂದು ಒಪ್ಪಿಕೊಂಡ. ಅವನು ಗಣಿತದಲ್ಲಿ ಯಾವಾಗಲೂ ಹಿಂದೆ.

ಊರಿನಲ್ಲಿ ಉಳಿದಿರುವ ಮಕ್ಕಳಿಗೆ ವಾರಕ್ಕೊಮ್ಮೆ ಆ ಉದ್ದ ಮೇಜಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದೇನೆ. ಹನ್ನಾ ಮಾಡಿದ ಮುದ್ದೆಯಿಂದಲೇ ಗೋಡೆಗೆ ನಕ್ಷೆ ಅಂಟಿಸಿದೆವು, ಇನ್ನೂ ಕಿತ್ತುಬಂದಿಲ್ಲ. ಅದರಲ್ಲಿ ಕಲ್ಯಾಣ ಇರಲಿಲ್ಲ. ನಾನೇ ನೀಲಿ ಶಾಯಿಯಲ್ಲಿ ಬರೆದಿದ್ದೇನೆ.

ನಮ್ಮಲ್ಲಿ ನೆರೆಯವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ನಿಮ್ಮಲ್ಲೂ ಹಾಗೆಯೇ ಎಂದು ಸೆವ್ರಿನ್ ಹೇಳಿದಳು, ಹೇಳಿ ಸುಮ್ಮನಾದಳು. ಅವಳು ರಜೆಗೆ ಬರುವಾಗ ಒಂದು ಡಬ್ಬಿ ತರುತ್ತಾಳೆ. ಖರ್ಜೂರ ತುಂಬಿದ ಕ್ಲೇಚಾ, ನಮ್ಮ ಹಬ್ಬದ ತಿಂಡಿ. ಅದರ ಮೇಲೆ ಮೊಟ್ಟೆ ಸವರುವುದು ವಾಡಿಕೆ. ನೀವು ಏನನ್ನು ತಿನ್ನುವುದಿಲ್ಲವೆಂದು ಮೊದಲೇ ವಿಚಾರಿಸಿದೆ. ಒಲೆಯ ಪಕ್ಕ ನಾನೇ ನಿಂತು, ಮೊಟ್ಟೆಯಿಲ್ಲದೆ, ತೊಳೆದ ಪಾತ್ರೆಗಳಲ್ಲಿ ಮಾಡಿಸಿದ್ದೇನೆ. ಆದ್ದರಿಂದ ನಿಮಗೆ ತಿನ್ನದಿರಲು ಕಾರಣ ಉಳಿದಿಲ್ಲ.

ಪರೀಕ್ಷಕಿ,
ಶಮೂನಿ

*

ಡೊಂಬಿವಲಿ ಪೂರ್ವ
18 ಮೇ 2025

ಶಮೂನಿ ಅವರಿಗೆ, ಮುಕ್ತಾಳ ನಮಸ್ಕಾರಗಳು.

ನಿಮ್ಮ ಮೌಲ್ಯಮಾಪನ ನ್ಯಾಯವಾಗಿದೆ. ಮರುಪರೀಕ್ಷೆಗೆ ಕುಳಿತುಕೊಳ್ಳುತ್ತೇನೆ; ಮುಂದಿನ ವರ್ಷದ ಗೋಣಿಗಳಲ್ಲಿ ಗೋಧಿ ಬರುತ್ತದೆ. ಈ ಪತ್ರವನ್ನು ಸೆವ್ರಿನ್ ತನ್ನ ಕೈಯಲ್ಲೇ ತರುತ್ತಾಳೆ, ತಾನೇ ಓದಿ ಹೇಳುತ್ತಾಳೆ. ನಿಮ್ಮ ಡಬ್ಬಿಯೂ ಬರುತ್ತದೆ, ಬರಿದಾಗಿ ಅಲ್ಲ. ನಮ್ಮ ಸೊಸೈಟಿಯ ಹೆಂಗಸರೆಲ್ಲ ಸೇರಿ ತಾರಸಿಯ ಮೇಲೆ ಬಿಸಿಲಿಗೆ ಹಾಕಿದ ಸಾಬಕ್ಕಿ ಸಂಡಿಗೆ ಅದರಲ್ಲಿದೆ. ಕಾಗೆ ಓಡಿಸಲು ಅಮೂಲ್ಯಾ ಕೂತಿದ್ದಳು. ಕಾಗೆಗಳನ್ನು ಕನ್ನಡದಲ್ಲಿಯೇ ಬೈದಳು. ಈ ಸಲ ಬಗೆಯನ್ನು ಬರೆದಿದ್ದೇನೆ: ಎಣ್ಣೆ ಚೆನ್ನಾಗಿ ಕಾದ ಮೇಲೆ ಒಂದೊಂದಾಗಿ ಬಿಡಬೇಕು. ಹನ್ನಾನಿಗೆ ಕೊಡಬೇಡಿ.

ಇನ್ನು ಕ್ಲೇಚಾದ ವಿಷಯ. ಸೆವ್ರಿನ್ ಡಬ್ಬಿಯನ್ನು ಡೊಂಬಿವಲಿಗೆ ತರುವೆನೆಂದಳು. ಬೇಡವೆಂದೆ. ಸುಮೇಧಾಳೊಂದಿಗೆ ಲೋಕಲ್ ಹತ್ತಿ ಕಳವಾಕ್ಕೆ, ಅವಳ ತಾಯಿಯ ಮನೆಗೆ ನಾನೇ ಹೋದೆ. ಅವಳಿಗೆ ಪಾಠ ಹೇಳಿದ ಅಷ್ಟೂ ವರ್ಷಗಳಲ್ಲಿ ಆ ಮನೆಯ ಹೊಸ್ತಿಲು ದಾಟಿರಲಿಲ್ಲ, ಅಲ್ಲಿಂದ ಬಂದ ಹಬ್ಬದ ತಿಂಡಿಯನ್ನು ಬಾಯಿಗಿಟ್ಟಿರಲಿಲ್ಲ. ಒಂದೇ ಕೋಣೆ, ಗೋಡೆಯ ಮೇಲೆ ಸೆವ್ರಿನಳ ಹತ್ತನೆಯ ತರಗತಿಯ ಫೋಟೊ. ಮಧ್ಯದ ಕುರ್ಚಿಯಲ್ಲಿ ನಾನು.

ಡಬ್ಬಿ ತೆರೆದರು. ಒಂದನ್ನು ತೆಗೆದುಕೊಂಡು ತಿಂದೆ. ಏಲಕ್ಕಿ ತುಸು ಮುಂದಾಗಿತ್ತು, ಉಳಿದಂತೆ ದೋಷವಿಲ್ಲ. ಎರಡನೆಯದನ್ನೂ ತೆಗೆದುಕೊಂಡೆ. ತಲೆಯೆತ್ತಿದಾಗ ಅಪೊಲಿನ್ ಒಲೆಯ ಪಕ್ಕ ನಿಂತು ನಾನು ಅಗಿಯುವುದನ್ನೇ ನೋಡುತ್ತಿದ್ದರು.

“ಟೀಚರ್, ಚಾ ಮಾಡ್ಲಾ? ನೀವು... ಕುಡೀತೀರಾ?”

“ಚಹಾ ಮಾತ್ರವೇ? ನೆವ್ರಿ ಇಲ್ಲವೇ?” ಎಂದೆ.

“ಈಗ ಮೇ ತಿಂಗಳಲ್ವಾ ಟೀಚರ್. ಅದು ಕ್ರಿಸ್ಮಸ್ಸಿಗೆ ಮಾಡುದು.”

“ಹಾಗಾದರೆ ಡಿಸೆಂಬರಿನಲ್ಲಿ ಬರುತ್ತೇನೆ. ತಟ್ಟೆ ಕಳುಹಿಸಬೇಡಿ. ಇಲ್ಲಿಯೇ ಕುಳಿತು ತಿನ್ನುತ್ತೇನೆ.”

ಅಪೊಲಿನ್ ಒಲೆಯ ಕಡೆ ತಿರುಗಿದರು. ಚಹಾ ಬರಲು ತಡವಾಯಿತು. ಬಂದಾಗ ಅದರಲ್ಲಿ ಸಕ್ಕರೆ ಎರಡು ಪಟ್ಟಿತ್ತು. ನಾನು ತಿದ್ದಲಿಲ್ಲ.

ನಿಮ್ಮ ಸಹೋದ್ಯೋಗಿ,
ಮುಕ್ತಾ